ಇಸ್ತ್ರಿ ಪೆಟ್ಟಿಗೆಯ ಸದ್ದು

ಆ ರೇಡಿಯೊ ನಿಲಯದಲ್ಲಿ ಅವಳನ್ನು ಎಲ್ಲರೂ ಸದ್ದಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು ನಿಜ, ಆದರೆ ಯಾರಾದರೂ ಅಪ್ಪಿತಪ್ಪಿ ಆ ಹೆಸರು ಕೂಗಿದರೆ ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು ಅವಳೇ ಅತ್ತಿತ್ತ ನೋಡುತ್ತಿದ್ದಳು. ನಾಟಕಗಳಿಗೆ ಸದ್ದು ಹುಟ್ಟಿಸುವುದು ಅವಳ ಕೆಲಸ. ಸ್ಟುಡಿಯೊದ ಹಿಂದಿದ್ದ ಅವಳ ಕೋಣೆಗೆ ಹೊಸಬರು ಕಾಲಿಟ್ಟರೆ ಇದೇನು ಗುಜರಿ ಅಂಗಡಿಯೋ ಎಂದು ಬೆಪ್ಪಾಗುತ್ತಿದ್ದರು. ಗೋಡೆಯಿಲ್ಲದೆ ಚೌಕಟ್ಟಿನ ಸಮೇತ ನಿಂತ ಒಂದು ಬಾಗಿಲು, ಅದಕ್ಕೆ ಐದು ಬಗೆಯ ಚಿಲಕ, ಜಲ್ಲಿ ತುಂಬಿದ ಪೆಟ್ಟಿಗೆ, ಮರಳು ತುಂಬಿದ ಪೆಟ್ಟಿಗೆ, ಒಂಟಿ ಬೂಟುಗಳು, ತಗಡಿನ ಹಾಳೆಗಳು, ಕಡ್ಡಿ ಕಿತ್ತ ಛತ್ರಿ. ಆ ಛತ್ರಿಯನ್ನು ಪಟಪಟನೆ ಬಿಚ್ಚಿ ಮುಚ್ಚಿದರೆ ಬಾವಲಿ ಹಾರುತ್ತಿತ್ತು. ಹಸಿ ಕ್ಯಾರೆಟ್ ಮುರಿದರೆ ಯಾರದೋ ಕತ್ತು ಮುರಿಯುತ್ತಿತ್ತು. ಕತ್ತು ಮುರಿದು ಉಳಿದದ್ದನ್ನು ಅವಳೂ ರೆಕಾರ್ಡಿಂಗ್ ಮಾಡುವವನೂ ಹಂಚಿಕೊಂಡು ತಿನ್ನುತ್ತಿದ್ದರು.

ನಿಲಯಕ್ಕೆ ಹೆಸರು ತಂದದ್ದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬರುತ್ತಿದ್ದ ದೆವ್ವದ ನಾಟಕ. ಹಾಡುಹಗಲಲ್ಲಿ ದೆವ್ವ ಯಾಕೆ ಸ್ವಾಮಿ ಎಂದು ಒಬ್ಬ ಕೇಳುಗ ಪತ್ರ ಬರೆದಿದ್ದ. ರಾತ್ರಿ ಹೊತ್ತು ವಾರ್ತೆಗಳಿರುತ್ತವೆ, ಎರಡೆರಡು ಭಯ ಜನ ತಡೆಯುವುದಿಲ್ಲ ಎಂದು ನಾಟಕದ ನಿರ್ಮಾಪಕರು ಉತ್ತರ ಕೊಟ್ಟಿದ್ದರು. ಆ ನಾಟಕಗಳನ್ನು ಬರೆಯುತ್ತಿದ್ದವನು ಸದ್ದಕ್ಕನ ಸ್ವಂತ ಅಣ್ಣ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ. ಊರೆಲ್ಲ ಅವನನ್ನು ದೆವ್ವದ ಮೇಷ್ಟ್ರು ಎನ್ನುತ್ತಿತ್ತು. ಗಣಿತಕ್ಕೆ ಹೆದರಿದ ಮಕ್ಕಳಿಟ್ಟ ಹೆಸರೋ ನಾಟಕಕ್ಕೆ ಹೆದರಿದ ದೊಡ್ಡವರಿಟ್ಟ ಹೆಸರೋ ಗೊತ್ತಿಲ್ಲ. ಅವನಿಗಂತೂ ಅದು ಹೆಮ್ಮೆಯಾಗಿತ್ತು.

ನಿಜ ಹೇಳಬೇಕೆಂದರೆ ಅವನು ಚೆನ್ನಾಗಿಯೇ ಬರೆಯುತ್ತಿದ್ದ. ಅವನ ದೆವ್ವಗಳು ಕಿರುಚುತ್ತಿರಲಿಲ್ಲ, ಹಲ್ಲು ತೋರಿಸುತ್ತಿರಲಿಲ್ಲ. ಎಷ್ಟೋ ನಾಟಕಗಳಲ್ಲಿ ದೆವ್ವ ಬರುತ್ತಲೇ ಇರಲಿಲ್ಲ.

"ನೋಡು ಪುಟ್ಟಿ," ಎಂದು ಅವನು ತಂಗಿಗೆ ವಿವರಿಸುತ್ತಿದ್ದ, "ದೆವ್ವ ಹೊರಗಿಂದ ಬಂದ್ರೆ ಜನ ನಗ್ತಾರೆ. ಪಾತ್ರದ ಒಳಗೆ ಒಂದು ತಪ್ಪು ಇಟ್ಟುಬಿಡಬೇಕು. ಸತ್ತೋರ ಮೇಲೆ ತಡೆಯೋಕಾಗದಷ್ಟು ಪ್ರೀತೀನೂ ಇಡಬೇಕು. ಅವೆರಡೂ ಒಳಗೇ ಕೊಳೀಬೇಕು. ಆಮೇಲೆ ನಲ್ಲಿ ತೊಟ್ಟಿಕ್ಕಿದ್ರೂ ಸಾಕು, ಪಾತ್ರ ನಡುಗುತ್ತೆ. ಪಾತ್ರ ನಡುಗಿದ್ರೆ ಕೇಳೋರು ತಾನಾಗೇ ನಡುಗ್ತಾರೆ."

ಈ ನಡುಕಕ್ಕೆ ಅವನು ದೂರ ಹೋಗಬೇಕಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ತಂಗಿ ಅಮ್ಮನೊಂದಿಗೆ ಇದ್ದ ಮನೆಗೆ ಬರುತ್ತಿದ್ದ. ಅಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಅಡುಗೆಮನೆಯ ಮೇಜಿನ ಮುಂದೆ ಟೀ ಹಿಡಿದು ಕೂರುತ್ತಿದ್ದ, ಜೇಬಿನಿಂದ ಸಣ್ಣ ಪುಸ್ತಕ ತೆಗೆಯುತ್ತಿದ್ದ.

"ನಲ್ಲಿ ತೊಟ್ಟಿಕ್ಕೋ ಸದ್ದು ಕೇಳಿದ್ರೆ ನಿನಗೆ ಮೊದಲು ಚಳಿ ಎಲ್ಲಿ ಆಗುತ್ತೆ?"

"ಮೊಣಕೈಲಿ."

"ಎರಡೂ ಕೈಲಾ?"

"ಎಡಗೈಲಿ. ಆಮೇಲೆ ಬಲಗೈಲಿ."

ಅವನು ಬರೆದುಕೊಳ್ಳುತ್ತಿದ್ದ. ಅವಳು ಹೇಳುತ್ತಿದ್ದಳು. ಯಾವ ಪಾತ್ರೆಯನ್ನೂ ತೆರೆದಿಟ್ಟು ಮಲಗಲಾರೆ ಎಂದು, ಚಿಕ್ಕ ಮಕ್ಕಳು ಬಕೆಟ್ಟಿನ ಹತ್ತಿರ ಹೋದರೆ ನಾಲಿಗೆ ಒಣಗುತ್ತದೆ ಎಂದು, ಕನಸಿನಲ್ಲಿ ಬರುವ ಮಗು ಮುಖ ತೋರಿಸದೆ ಬೆನ್ನು ಮಾತ್ರ ತೋರಿಸುತ್ತದೆ ಎಂದು. ಮುಂದಿನ ತಿಂಗಳ ನಾಟಕದಲ್ಲಿ ಒಬ್ಬ ಅಕ್ಕ ಇರುತ್ತಿದ್ದಳು, ಅವಳ ಎಡ ಮೊಣಕೈ ತಣ್ಣಗಾಗುತ್ತಿತ್ತು. ಸದ್ದಕ್ಕನಿಗೆ ಇದರಿಂದ ಬೇಜಾರಾಗಿರಲಿಲ್ಲ. ಆ ಮನೆಯಲ್ಲಿ ಸತ್ತ ಮಗುವಿನ ಮಾತೆತ್ತುತ್ತಿದ್ದವನು ಅಣ್ಣ ಒಬ್ಬನೇ. ನನ್ನ ಹೊಟ್ಟೆಯೊಳಗಿನ ಬೆಂಕಿಯಲ್ಲಿ ಯಾರೋ ಒಬ್ಬರು ಕೈ ಕಾಯಿಸಿಕೊಂಡರೆ ಏನು ನಷ್ಟ ಎಂದುಕೊಂಡಿದ್ದಳು. ಪಾಪ, ಬೆಂಕಿ ಹಚ್ಚಿದವರು ಯಾರೆಂದು ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

ನಡೆದದ್ದು ನಲವತ್ತು ವರ್ಷಗಳ ಹಿಂದೆ. ಆಗ ಅವಳಿಗೆ ಎಂಟು, ಅಣ್ಣನಿಗೆ ಹನ್ನೊಂದು. ಎಲ್ಲರಿಗಿಂತ ಚಿಕ್ಕವನಿಗೆ ಎರಡೂವರೆ, ಅವನನ್ನು ಮನೆಯಲ್ಲಿ ಮರಿ ಎನ್ನುತ್ತಿದ್ದರು. ಬಾಡಿಗೆ ಮನೆಯ ಹಿತ್ತಲಲ್ಲಿ ನೆಲದ ಮಟ್ಟಕ್ಕೆ ಒಂದು ನೀರಿನ ತೊಟ್ಟಿ ಇತ್ತು, ಅದರ ಬಾಯಿಗೆ ತಗಡಿನ ಮುಚ್ಚಳ. ನೀರು ತೆಗೆದವರು ತಗಡು ಮುಚ್ಚಿ ಮೇಲೆ ಇಟ್ಟಿಗೆ ಹೇರಬೇಕು ಎನ್ನುವುದು ಅಮ್ಮನ ಕಟ್ಟಪ್ಪಣೆ. ಮರಿ ಬರಿ ತಗಡನ್ನಾದರೆ ಸರಿಸಬಲ್ಲ, ಇಟ್ಟಿಗೆ ಇದ್ದರೆ ಆಗದು. ಆ ಮಧ್ಯಾಹ್ನ ಹುಡುಗಿ ಒಂದು ಬಿಂದಿಗೆ ನೀರು ತೆಗೆದು ತಗಡು ಮುಚ್ಚಿದಳು. ನೋಡಿದರೆ ಇಟ್ಟಿಗೆ ಇಲ್ಲ. ಅಣ್ಣ ಅದನ್ನು ಓಣಿಯಲ್ಲಿ ಆಟದ ವಿಕೆಟ್ಟಿಗೆ ಒಯ್ದಿದ್ದ. ಗೋಡೆಯ ಪಕ್ಕದ ಕಟ್ಟೆಯ ಮೇಲೆ ಒಂದು ಹಳೆಯ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಬಿದ್ದಿತ್ತು. ಅದರ ಕೊಂಡಿ ಮುರಿದುಹೋಗಿತ್ತು, ಹಿಡಿ ಹಿಡಿದು ಎತ್ತಲು ಹೋದರೆ ಮೇಲಿನ ಮುಚ್ಚಳವೊಂದೇ ಕೊಟಕ್ ಎಂದು ಬಾಯಿ ಬಿಟ್ಟು ಹೊಟ್ಟೆ ಕೆಳಗೇ ಉಳಿಯುತ್ತಿತ್ತು. ಅದಕ್ಕೇ ಅದನ್ನು ಮೂಲೆಗೆ ಎಸೆದಿದ್ದರು. ಹುಡುಗಿ ಅದನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ತಂದು ತಗಡಿನ ಮೇಲಿಟ್ಟು, ಒಳಗೆ ಹೋಗಿ ಅಮ್ಮನ ಪಕ್ಕ ಮಲಗಿದಳು. ಅಮ್ಮನಿಗೆ ಆಗಲೇ ನಿದ್ದೆ ಹತ್ತಿದ ಹಾಗಿತ್ತು.

ಎದ್ದಾಗ ಹಿತ್ತಲಲ್ಲಿ ಜನ ಸೇರಿದ್ದರು. ಮರಿ ತೊಟ್ಟಿಯೊಳಗಿದ್ದ.

"ಮುಚ್ಚಿದ್ಯೇನೇ?" ಎಂದು ಅಮ್ಮ ಅವಳ ಭುಜ ಹಿಡಿದು ಅಲ್ಲಾಡಿಸಿದಳು.

"ಮುಚ್ಚಿದ್ದೆ ಅಮ್ಮ. ಭಾರಾನೂ ಇಟ್ಟಿದ್ದೆ."

"ಏನು ಭಾರ? ಇಟ್ಟಿಗೆ ಓಣೀಲಿದೆ!"

ಹುಡುಗಿ ಕಟ್ಟೆಯತ್ತ ನೋಡಿದಳು. ಇಸ್ತ್ರಿ ಪೆಟ್ಟಿಗೆ ಎಂದಿನ ಜಾಗದಲ್ಲೇ ತಣ್ಣಗೆ ಕೂತಿತ್ತು. ತಾನು ಇಟ್ಟೆ ಎಂದುಕೊಂಡದ್ದು ನಿದ್ದೆಯಲ್ಲಿ ಕಂಡದ್ದಿರಬೇಕು, ಇಲ್ಲವೇ ತಪ್ಪಿಸಿಕೊಳ್ಳಲು ತನ್ನ ಮನಸ್ಸೇ ಕಟ್ಟಿದ ಸುಳ್ಳಿರಬೇಕು. ಅಜಾಗರೂಕತೆಯ ಮೇಲೆ ಸುಳ್ಳು ಬೇರೆ. ಆ ನಾಚಿಕೆಗೆ ಅವಳು ಇಸ್ತ್ರಿ ಪೆಟ್ಟಿಗೆಯ ಮಾತನ್ನು ಅಂದು ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಟೀ ಹಿಡಿದು ಕೂತ ಅಣ್ಣನ ಮುಂದೆ ಮೊಣಕೈಯ ಚಳಿ ಹೇಳಿದಳು, ಕನಸು ಹೇಳಿದಳು, ಇದೊಂದನ್ನು ಮಾತ್ರ ಹೇಳಲಿಲ್ಲ.

ಮನೆಯಲ್ಲಿ ಯಾರೂ ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತೇನೋ. ಅಮ್ಮ ಒಂದು ಅಭ್ಯಾಸ ಮಾಡಿಕೊಂಡಳು. ಹುಡುಗಿ ಬಾಗಿಲ ಚಿಲಕ ಹಾಕಿ ಬಂದರೆ ಅಮ್ಮ ಎದ್ದು ಹೋಗಿ ಅದನ್ನು ಮುಟ್ಟಿ ನೋಡಿ ಬರುತ್ತಿದ್ದಳು. ಹುಡುಗಿ ಪಾತ್ರೆ ಮುಚ್ಚಿದರೆ ಅಮ್ಮ ಮುಚ್ಚಳವನ್ನು ಒಮ್ಮೆ ಒತ್ತುತ್ತಿದ್ದಳು. ಒಂದು ಮಾತಿಲ್ಲ. ಅಪ್ಪ ತೀರಿಕೊಂಡ ಮೇಲೂ, ಮನೆ ಬದಲಾಯಿಸಿದ ಮೇಲೂ, ಹುಡುಗಿಯ ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೂ ಅದು ನಿಲ್ಲಲಿಲ್ಲ. ನಲವತ್ತು ವರ್ಷ, ದಿನಕ್ಕೆ ಒಂದು ಸಲವಾದರೂ, ಅಮ್ಮನ ಚಪ್ಪಲಿ ನೆಲ ಸವರಿಕೊಂಡು ಬಾಗಿಲವರೆಗೆ ಹೋಗಿ ಬರುವ ಸದ್ದು. ಸದ್ದಿನ ಕೆಲಸದವಳಿಗೆ ಅದಕ್ಕಿಂತ ಕೆಟ್ಟ ಸದ್ದು ಜಗತ್ತಿನಲ್ಲಿ ಇನ್ನೊಂದಿರಲಿಲ್ಲ.

ಒಳ್ಳೆಯ ಸಂಬಂಧ ಒಂದು ಬಂದಿತ್ತು. ಗಡಿಯಾರ ರಿಪೇರಿ ಮಾಡುವವನು, ಹಾಸ್ಯದ ಮನುಷ್ಯ, ಅವಳಿಗೂ ಒಪ್ಪಿಗೆಯಿತ್ತು. ಮದುವೆಯಾದರೆ ಮಕ್ಕಳಾಗುತ್ತವೆ, ನನ್ನ ಕೈಯಲ್ಲಿ ಮಗು ಉಳಿಯುವುದಿಲ್ಲ ಎಂದು ಅವಳೇ ಬೇಡವೆಂದಳು. ಮುಂದೆ ಅಣ್ಣನಿಗೆ ಮಗಳು ಹುಟ್ಟಿದಾಗ ಆಸೆಪಟ್ಟು ಸ್ನಾನ ಮಾಡಿಸಲು ಎತ್ತಿಕೊಂಡಿದ್ದಳು. ಅತ್ತಿಗೆ ಓಡಿ ಬಂದು, "ನೀನು ಬಿಡಮ್ಮ, ನೀರಿನ ಹತ್ತಿರ ಬೇಡ," ಎಂದು ಮಗುವನ್ನು ಕಿತ್ತುಕೊಂಡಳು. ಅಣ್ಣ ಅಲ್ಲೇ ಟವೆಲ್ ಹಿಡಿದು ನಿಂತಿದ್ದ. ತಲೆ ತಗ್ಗಿಸಿಕೊಂಡ. ನನ್ನ ನೋವು ನೋಡಲಾರದೆ ತಲೆ ತಗ್ಗಿಸಿದ ಎಂದು ಅವಳು ಅವತ್ತು ಅವನನ್ನು ಇನ್ನಷ್ಟು ಹಚ್ಚಿಕೊಂಡಳು. ನಂಬಿಸಿ ಕುತ್ತಿಗೆ ಕೊಯ್ಯುವುದು ಅಂದರೆ ಇದೇ ಇರಬೇಕು. ಕೊಯ್ಯುವವನ ಕೈ ನೋಯುತ್ತಿದೆಯೇನೋ ಎಂದು ಕುತ್ತಿಗೆಗೇ ಕನಿಕರ.

ಆ ಸೋಮವಾರ ಹೊಸ ನಾಟಕದ ಪ್ರತಿ ಬಂತು. ಮುನ್ನೂರನೆಯ ನಾಟಕವಂತೆ, ನಿಲಯದವರು ಒಂದು ವಾರದಿಂದ ಅದರ ಜಾಹೀರಾತು ಹಾಕುತ್ತಿದ್ದರು. ಸದ್ದಕ್ಕ ಎಂದಿನಂತೆ ಕೆಂಪು ಪೆನ್ಸಿಲ್ ಹಿಡಿದು ಸದ್ದುಗಳಿಗೆ ಗೆರೆ ಎಳೆಯುತ್ತಾ ಹೋದಳು. ಬೇರೆ ಲೇಖಕರು "ಬಾಗಿಲ ಸದ್ದು" ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ, ಮರದ್ದೋ ಕಬ್ಬಿಣದ್ದೋ ದೇವರಿಗೇ ಗೊತ್ತು. ಅಣ್ಣ ಹಾಗಲ್ಲ. ರೇಡಿಯೊದಲ್ಲಿ ಕಿವಿಯೇ ಕಣ್ಣು ಎನ್ನುವವನು. ಪ್ರತಿ ಸದ್ದಿಗೂ ನಂಬರು ಕೊಟ್ಟು, ಯಾವುದರ ಮೇಲೆ ಯಾವುದು ಬೀಳುತ್ತದೆ ಎಂದು ವಿವರ ಬರೆಯುತ್ತಿದ್ದ.

ಕಥೆ ಗೊತ್ತಿದ್ದದ್ದೇ. ಒಬ್ಬ ಅಕ್ಕ, ನೀರಲ್ಲಿ ಸತ್ತ ತಮ್ಮ, ಒಣ ನೆಲದ ಮೇಲೆ ಒದ್ದೆ ಹೆಜ್ಜೆ. ಅಕ್ಕ ಕೊನೆಗೆ ಆ ಮಧ್ಯಾಹ್ನವನ್ನು ನೆನಪಿಸಿಕೊಳ್ಳುತ್ತಾಳೆ. ಅಲ್ಲಿ ಮಾತಿಲ್ಲ, ಬರಿ ಸದ್ದು.

"ಸದ್ದು ೧೪: ತಗಡಿನ ಮೇಲಿನ ಇಸ್ತ್ರಿ ಪೆಟ್ಟಿಗೆ ಎತ್ತುವುದು. ಕೊಂಡಿ ಮುರಿದದ್ದು. ಹಿಡಿ ಹಿಡಿದಾಗ ಮುಚ್ಚಳ ಮಾತ್ರ ಬಾಯಿ ಬಿಡುತ್ತದೆ, ಕೊಟಕ್. ಆಮೇಲೆ ಎದೆಗೆ ಅವುಚಿ ಎತ್ತಿ ಪಕ್ಕದ ಕಟ್ಟೆಯ ಮೇಲೆ ಇಡುವುದು. ಸದ್ದು ೧೫: ತಗಡು ಸರಿಸುವುದು. ಸದ್ದು ೧೬: ಚೊಂಬು ನೀರಿಗೆ ಇಳಿಯುವುದು, ಕುಡಿಯುವುದು. ಸದ್ದು ೧೭: ಓಡುವ ಹೆಜ್ಜೆ, ಓಣಿಯತ್ತ, ದೂರವಾಗುತ್ತಾ."

ಅವಳ ಪೆನ್ಸಿಲ್ ಹದಿನಾಲ್ಕರ ಕೆಳಗೆ ನಿಂತಿತು. ಎಡ ಮೊಣಕೈ ತಣ್ಣಗಾಯಿತು, ಆಮೇಲೆ ಬಲ. ತಗಡು ತಿರುಗಿ ಮುಚ್ಚುವ ಸದ್ದಿಗಾಗಿ ಪುಟ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು. ಅದು ಎಲ್ಲೂ ಇರಲಿಲ್ಲ.

ಇಸ್ತ್ರಿ ಪೆಟ್ಟಿಗೆ ತೊಟ್ಟಿಯ ಮೇಲಿತ್ತು ಎನ್ನುವುದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರಬಹುದಿತ್ತು. ಇಟ್ಟವಳಿಗೆ, ಮತ್ತು ಎತ್ತಿದವನಿಗೆ.

ಮರುದಿನ ಓದಿನ ತಾಲೀಮಿಗೆ ಬಂದ ಅಣ್ಣನನ್ನು ಅವಳು ತನ್ನ ಕೋಣೆಗೆ ಕರೆದು ನಿಜವಾದ ಬಾಗಿಲು ಹಾಕಿದಳು.

"ಇಸ್ತ್ರಿ ಪೆಟ್ಟಿಗೆ ವಿಷಯ ನಿನಗೆ ಯಾರು ಹೇಳಿದ್ದು?"

"ಯಾವ... ಓ, ಅದಾ? ನೀನೇ ಯಾವಾಗಲೋ ಹೇಳಿದ್ದೆ ಕಣೆ."

"ನಾನು ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಕಲ್ಪನೆ. ಬರೆಯೋವಾಗ ಏನೇನೋ ಬರುತ್ತೆ."

"ಕಲ್ಪನೇಲಿ ಕೊಂಡೀನೂ ಮುರಿದಿತ್ತಾ ಅಣ್ಣ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೆವ್ವದ ಮೇಷ್ಟ್ರು ತನ್ನ ಅಂಗಿಯ ಎದೆಯನ್ನು ಅಂಗೈಯಿಂದ ಒರೆಸಿಕೊಂಡ, ಅಲ್ಲಿ ಏನೋ ಅಂಟಿದ ಹಾಗೆ. ಆಮೇಲೆ ಜಲ್ಲಿ ಪೆಟ್ಟಿಗೆಯ ಅಂಚಿನ ಮೇಲೆ ಕೂತುಬಿಟ್ಟ.

"ಬಾಯಾರಿತ್ತು ಪುಟ್ಟಿ. ಆಟದ ಮಧ್ಯೆ ಓಡಿಬಂದೆ. ಎತ್ತಿ ಕಟ್ಟೆ ಮೇಲಿಟ್ಟೆ, ನೀರು ಕುಡಿದೆ. ಹುಡುಗರು ಕೂಗಿದ್ರು, ಹೋದೆ. ಅಷ್ಟೇ."

"ಮುಚ್ಚಲಿಲ್ಲ."

"ಮುಚ್ಚಲಿಲ್ಲ."

ಹನ್ನೊಂದು ವರ್ಷದ ಹುಡುಗ ಹೆದರಿ ಬಾಯಿ ಮುಚ್ಚಿಕೊಂಡ, ಅದನ್ನು ಕ್ಷಮಿಸಬಹುದು, ಅವಳು ಆ ಕ್ಷಣವೇ ಕ್ಷಮಿಸಿಯೂ ಇದ್ದಳು. ಆದರೆ ಇಪ್ಪತ್ತು ವರ್ಷದವನು? ಟವೆಲ್ ಹಿಡಿದು ನಿಂತಿದ್ದವನು? ಟೀ ಹೀರುತ್ತಾ, ಎರಡೂ ಕೈಲಾ ಎಂದು ಕೇಳಿ ಬರೆದುಕೊಂಡವನು? ಮೊಸರು ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕಥೆ ಎಲ್ಲರಿಗೂ ಗೊತ್ತು. ಆ ಕೋತಿಯೂ ಒರೆಸಿ ಸುಮ್ಮನೆ ಹೋಯಿತು. ಮೊಸರಿನ ರುಚಿ ಹೇಗಿದೆ ಎಂದು ವಾರವಾರ ಬಂದು ಮೇಕೆಯನ್ನು ಕೇಳಲಿಲ್ಲ.

"ನನ್ನ ಹೆದರಿಕೆ ಯಾಕೆ ಕೇಳ್ತಿದ್ದೆ?" ಎಂದಳು. "ನಿನ್ನದೇ ಇತ್ತಲ್ಲ."

"ನನ್ನದನ್ನ ನೋಡೋಕೆ ಧೈರ್ಯ ಇರಲಿಲ್ಲ ಕಣೆ. ನಿನ್ನ ಬಾಯಲ್ಲಿ ಕೇಳಿದ್ರೆ ಅದು ಕಥೆ ಆಗ್ತಿತ್ತು." ಅವನು ಎದ್ದು ನಿಂತ. "ಈ ಸಲ ಬರೆದೆನಲ್ಲ! ನಿಜ ಬರೆದೆನಲ್ಲ!"

"ಬರೆದೆ. ಆದ್ರೆ ಎತ್ತೋದು ಅಕ್ಕ, ಕುಡಿಯೋದು ಅಕ್ಕ, ಓಡೋದು ಅಕ್ಕ. ನಿಜ ಬರೆಯೋವಾಗ್ಲೂ ಅದನ್ನ ನನ್ನ ಕೈಗೇ ಕೊಟ್ಯಲ್ಲೋ."

ಮೇಷ್ಟ್ರು ಮತ್ತೆ ಅಂಗಿಯ ಎದೆ ಒರೆಸಿಕೊಂಡ.

ಅವಳು ಕೇಳಿದ್ದು ಒಂದೇ ಒಂದು. ಊರಿಗೆ ಹೇಳಬೇಡ, ಹೆಂಡತಿಗೆ ಹೇಳಬೇಡ. ಅಮ್ಮನಿಗೆ ಎಪ್ಪತ್ಮೂರು. ಅವಳು ಕಣ್ಣು ಮುಚ್ಚುವುದರೊಳಗೆ ಅವಳ ಎದುರು ಕೂತು ನಿನ್ನ ಬಾಯಿಂದ ಹೇಳು. ನಾನು ಚಿಲಕ ಹಾಕಿ ಬಂದ ಮೇಲೆ ಅಮ್ಮ ಎದ್ದು ಹೋಗದ ಒಂದು ಸಂಜೆ ನನಗೆ ಬೇಕು.

"ಭಾನುವಾರ ಬೆಳಿಗ್ಗೆ ಬರ್ತೀನಿ," ಎಂದ ಅಣ್ಣ, ಅವಳ ಕೈ ಹಿಡಿದುಕೊಂಡು. "ನಾಟಕ ಬರೋದಕ್ಕೆ ಮುಂಚೆ ಹೇಳಿಬಿಡ್ತೀನಿ. ಮರಿ ಮೇಲಾಣೆ."

ಅವಳು ನಂಬಿದಳು. ಇಷ್ಟಾದ ಮೇಲೂ ನಂಬಿದಳು.

ಗುರುವಾರ ರೆಕಾರ್ಡಿಂಗ್. ಬುಧವಾರ ಸಂಜೆಯೇ ಅವಳು ಮನೆಯ ಅಟ್ಟ ಹತ್ತಿ, ಹಳೆಯ ಪಾತ್ರೆಗಳ ಮೂಟೆಯ ಹಿಂದೆ ತುಕ್ಕು ಹಿಡಿದು ಕೂತಿದ್ದ ಆ ಇಸ್ತ್ರಿ ಪೆಟ್ಟಿಗೆಯನ್ನೇ ಇಳಿಸಿ ಚೀಲದಲ್ಲಿ ತಂದಿದ್ದಳು. ಬೆಳಿಗ್ಗೆ ನಿರ್ಮಾಪಕರು ಒಂದು ಹೊಸ ಹಾಳೆ ಕೊಟ್ಟರು.

"ಮೇಷ್ಟ್ರು ನಿನ್ನೆ ಫೋನ್ ಮಾಡಿ ತಿದ್ದಿಸಿದ್ರು ಸದ್ದಕ್ಕ. ಹದಿನಾಲ್ಕನೇದು ಇಸ್ತ್ರಿ ಪೆಟ್ಟಿಗೆ ಬೇಡ್ವಂತೆ, ಇಟ್ಟಿಗೆ ಸಾಕಂತೆ. ನಿಮಗೂ ಸುಲಭ."

ಮಂಗಳವಾರ ಆಣೆ, ಬುಧವಾರ ಫೋನು. ಆದರೂ ಭಾನುವಾರ ಬರುತ್ತಾನೆ, ತಾನೇ ಹೇಳುವ ಮೊದಲು ನಾಟಕ ಹೇಳಿಬಿಡಬಾರದೆಂದು ತಿದ್ದಿಸಿರಬೇಕು ಎಂದು ಅವನ ಪರವಾಗಿ ತಾನೇ ವಾದ ಮಾಡಿದಳು. ನಲವತ್ತು ವರ್ಷ ತನ್ನ ಪರವಾಗಿ ಒಂದು ಮಾತು ಆಡಿಕೊಳ್ಳದವಳು. ಆಮೇಲೆ ಮೈಕಿನ ಮುಂದೆ ತಗಡು ಹಾಸಿದಳು. ಕೆಂಪು ದೀಪ ಹತ್ತಿತು. ಅಷ್ಟರಲ್ಲಿ ಅವಳು ಚೀಲದಿಂದ ಇಸ್ತ್ರಿ ಪೆಟ್ಟಿಗೆ ತೆಗೆದು ತಗಡಿನ ಮೇಲಿಟ್ಟಿದ್ದಳು. ಹಿಡಿ ಹಿಡಿದು ಎತ್ತಿದಳು. ಕೊಟಕ್. ನಿಂತಳು. ಎರಡೂ ಕೈಯಲ್ಲಿ ಅವುಚಿಕೊಂಡಳು, ಕಬ್ಬಿಣದ ತಳ ತಗಡಿನ ಮೇಲೆ ಒಂದಿಂಚು ಗೀಚಿ ಮೇಲೆದ್ದಿತು.

ಗಾಜಿನಾಚೆ ನಿರ್ಮಾಪಕರು ಹೆಬ್ಬೆರಳೆತ್ತಿದರು. "ಇಟ್ಟಿಗೆ ಇಷ್ಟು ಚೆನ್ನಾಗಿ ಸದ್ದು ಮಾಡುತ್ತೆ ಅಂತ ಗೊತ್ತೇ ಇರಲಿಲ್ಲ!" ಎಂದರು. ಅವರು ತಲೆ ತಗ್ಗಿಸಿ ಹಾಳೆ ನೋಡುತ್ತಿದ್ದರು, ಅವಳ ಕೈ ನೋಡಿರಲಿಲ್ಲ. ಅವಳ ಬಿಳಿ ಅಂಗಿಯ ಎದೆಯ ಮೇಲೆ ತುಕ್ಕಿನ ಕಂದು ಗುರುತು ಬಿದ್ದಿತ್ತು.

ಭಾನುವಾರ ಬೆಳಿಗ್ಗೆ ಒಂಬತ್ತಾಯಿತು, ಹತ್ತಾಯಿತು. ಅವಳು ಎರಡು ಸಲ ಟೀ ಮಾಡಿ ಎರಡು ಸಲ ಚೆಲ್ಲಿದಳು. ಹನ್ನೊಂದಕ್ಕೆ ಫೋನ್ ಮಾಡಿದರೆ ಸ್ವಿಚ್ ಆಫ್. ಹನ್ನೆರಡಕ್ಕೆ ಅತ್ತಿಗೆಯ ಫೋನಿನಿಂದ ಒಂದು ಸಾಲಿನ ಸಂದೇಶ ಬಂತು: ಅವರಿಗೆ ಶಾಲೆಯಲ್ಲಿ ಏನೋ ಕೆಲಸವಂತೆ, ಸಾಯಂಕಾಲ ಬರ್ತಾರಂತೆ. ಭಾನುವಾರ ಯಾವ ಶಾಲೆ ತೆಗೆದಿರುತ್ತದೆ ಎಂದು ಕೇಳುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಅವನಿಗೆ ಧೈರ್ಯವಿಲ್ಲ, ಯಾವತ್ತೂ ಇರಲಿಲ್ಲ, ಮುನ್ನೂರು ನಾಟಕ ಬರೆದರೂ ಬರಲಿಲ್ಲ.

ಮೂರಕ್ಕೆ ಅಮ್ಮ ಎಂದಿನಂತೆ ರೇಡಿಯೊ ಮಡಿಲಿಗೆ ತೆಗೆದುಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮಗನ ಒಂದು ನಾಟಕವನ್ನೂ ಅವಳು ತಪ್ಪಿಸಿದವಳಲ್ಲ. ಸದ್ದಕ್ಕ ಎದುರಿನ ಮಂಚದ ಮೇಲೆ ಕೂತು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಒದ್ದೆ ಹೆಜ್ಜೆಗಳು ಬಂದವು, ನಲ್ಲಿ ತೊಟ್ಟಿಕ್ಕಿತು, ಅಕ್ಕ ನಡುಗಿದಳು. ಆಮೇಲೆ ಮಾತು ನಿಂತಿತು.

ಕೊಟಕ್.

ಅಮ್ಮನ ಕೈ ರೇಡಿಯೊದ ಮೇಲೆ ಬಿಗಿಯಾಯಿತು. ಕಬ್ಬಿಣ ಗೀಚಿತು, ತಗಡು ಸರಿಯಿತು, ಚೊಂಬು ಮುಳುಗಿತು, ಹೆಜ್ಜೆಗಳು ಓಡಿದವು. ನಾಟಕ ಇನ್ನೂ ಮುಗಿದಿರಲಿಲ್ಲ, ಅಮ್ಮ ಗುಂಡಿ ತಿರುಗಿಸಿ ಆರಿಸಿಬಿಟ್ಟಳು.

"ಅದು ನಮ್ಮ ಇಸ್ತ್ರಿ ಪೆಟ್ಟಿಗೆ."

"ಹೂಂ ಅಮ್ಮ. ಅವತ್ತು ನಾನು ಅದನ್ನ ತೊಟ್ಟಿ ಮೇಲೆ ಇಟ್ಟಿದ್ದೆ. ಸುಳ್ಳು ಹೇಳಿರಲಿಲ್ಲ. ಅದನ್ನ ಎತ್ತಿದ್ದು..."

"ಗೊತ್ತು," ಎಂದಳು ಅಮ್ಮ.

ಸದ್ದಕ್ಕನಿಗೆ ಅರ್ಥವಾಗಲಿಲ್ಲ. "ಏನು ಗೊತ್ತು? ಅಣ್ಣ ಹೇಳಿದ್ನಾ? ಯಾವಾಗ ಹೇಳ್ದ?"

"ಅವನೇನು ಹೇಳ್ತಾನೆ. ಮೂರು ದಿನ ಆದ್ಮೇಲೆ ಬಟ್ಟೆ ಒಗೆಯೋಕೆ ಕೂತೆ. ನಿನ್ನ ಫ್ರಾಕಿನ ಎದೇಲಿ ತುಕ್ಕು. ಅವನ ಅಂಗಿ ಎದೇಲೂ ಅದೇ ತುಕ್ಕು. ಆ ಪೆಟ್ಟಿಗೇನ ಎದೆಗೆ ಅವುಚಿಕೊಳ್ಳದೆ ಎತ್ತೋಕಾಗಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಮಲಗೋಕೆ ಬಂದಾಗ ನನಗೆ ಅರೆ ಎಚ್ಚರ. ಜನ ಕೂಗಿದಾಗಲೂ ನೀನು ನನ್ನ ಪಕ್ಕದಲ್ಲೇ ಮಲಗಿದ್ದೆ." ಅಮ್ಮ ರೇಡಿಯೊದ ಮೇಲಿನ ಧೂಳನ್ನು ಬೆರಳಿಂದ ಒರೆಸಿದಳು. "ಎರಡೂ ಗುರುತು ಹೋಗೋವರೆಗೂ ಉಜ್ಜಿದೆ."

"ಗೊತ್ತಿದ್ದೂ ಸುಮ್ನಿದ್ಯಾ?"

"ನಿಮ್ಮಪ್ಪನ ಕೈ ಹೇಗಿತ್ತು ನಿನಗೆ ಗೊತ್ತಿಲ್ವಾ? ಇಟ್ಟಿಗೆ ಒಯ್ದಿದ್ದಕ್ಕೇ ಅವನಿಗೆ ಚರ್ಮ ಸುಲಿಯೋ ಹಾಗೆ ಹೊಡೆದ್ರು. ಇದೂ ಗೊತ್ತಾಗಿದ್ರೆ ಅವನನ್ನ ಉಳಿಸ್ತಿರಲಿಲ್ಲ. ನಿನ್ನ ಮೇಲೆ ಅವರು ಯಾವತ್ತೂ ಕೈ ಎತ್ತಿದೋರಲ್ಲ."

"ಅಪ್ಪ ಸತ್ತು ಇಪ್ಪತ್ತೆರಡು ವರ್ಷ ಆಯ್ತಮ್ಮ."

ಅಮ್ಮ ಕಿಟಕಿಯಾಚೆ ನೋಡಿದಳು. ಎದುರು ಮನೆಯ ಮೆಟ್ಟಿಲ ಮೇಲೆ ಯಾರೋ ಬೂಟು ಒರೆಸುತ್ತಿದ್ದರು.

"ನೀನು ತಡ್ಕೊಳ್ತೀಯ ಅನ್ನಿಸ್ತು," ಎಂದಳು ಕೊನೆಗೆ. "ಅವನು ತಡ್ಕೊಳ್ತಿರಲಿಲ್ಲ. ನೀನು ಗಟ್ಟಿ."

ಅಣ್ಣ ಮೋಸ ಮಾಡಿದ ಎಂದು ತಿಳಿದಾಗ ಅವಳಿಗೆ ಕೋಪವಾದರೂ ಬಂದಿತ್ತು. ಈಗ ಕೋಪಕ್ಕೂ ಜಾಗವಿರಲಿಲ್ಲ. ಗಡಿಯಾರದವನ ನಗು ನೆನಪಾಯಿತು, ಅತ್ತಿಗೆ ಕಿತ್ತುಕೊಂಡ ಮಗುವಿನ ಒದ್ದೆ ಬೆನ್ನು ನೆನಪಾಯಿತು. ಗಟ್ಟಿ ಎನ್ನುವ ಒಂದೇ ಒಂದು ಗುಣಕ್ಕಾಗಿ, ಮನೆಯವರೆಲ್ಲ ಸೇರಿ, ಎಂಟು ವರ್ಷದವಳ ತಲೆಯ ಮೇಲೆ ಒಂದು ಸಾವನ್ನು ಹೊರಿಸಿ ನಡೆಸಿದ್ದರು. ಹೊರುತ್ತಾಳಲ್ಲ, ಹೊರಲಿ.

"ಹಾಗಿದ್ರೆ ಚಿಲಕ?" ಎಂದಳು. "ನಾನು ಹಾಕಿದ ಚಿಲಕ ದಿನಾ ಎದ್ದು ಹೋಗಿ ಮುಟ್ಟಿ ನೋಡ್ತೀಯಲ್ಲ, ಅದು ಯಾಕೆ? ನಾನು ಮುಚ್ಚಿದ್ದೆ ಅಂತ ಗೊತ್ತಿತ್ತಲ್ಲ ನಿನಗೆ!"

ಅಮ್ಮ ಅವಳ ಮುಖ ನೋಡಿದಳು. ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು.

"ಅದು ನಿನಗಲ್ಲ ಕಣೆ. ನಾನು ಅವತ್ತು ನಿದ್ದೆ ಮಾಡಿಬಿಟ್ಟಿದ್ದೆನಲ್ಲ. ಮರಿ ಹಿತ್ತಲಿಗೆ ಹೋದ ಸದ್ದೂ ಕೇಳಿಸಲಿಲ್ಲ ನನಗೆ. ಅವತ್ತಿಂದ ಒಂದ್ಸಲ ಮುಟ್ಟಿ ನೋಡದೆ ಕೂರೋಕಾಗಲ್ಲ. ಹೆದರಿಕೆ. ನಿನಗೋಸ್ಕರ ಅಂದ್ಕೊಂಡಿದ್ಯಾ?"

ಸದ್ದಕ್ಕ ಆ ಚಪ್ಪಲಿಯ ಸದ್ದನ್ನು ನಲವತ್ತು ವರ್ಷ ತಪ್ಪಾಗಿ ಕೇಳಿಸಿಕೊಂಡಿದ್ದಳು. ಅಮ್ಮ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ಐದು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ. ಅಣ್ಣ ಹಾಗೇ ತಟ್ಟುವುದು. ಹಣ್ಣಿನ ಚೀಲದ ಪ್ಲಾಸ್ಟಿಕ್ ಚರಪರ ಅನ್ನುವುದೂ ಕೇಳಿಸಿತು. ನಾಟಕ ಮುಗಿದಿದೆ, ಎಲ್ಲ ತಣ್ಣಗಾಗಿರಬಹುದು ಎಂದು ಲೆಕ್ಕ ಹಾಕಿ ಬಂದಿದ್ದ, ಗಣಿತದ ಮೇಷ್ಟ್ರು.

"ಅವನು ಬಂದ," ಎಂದಳು ಅಮ್ಮ. "ಹೋಗಿ ತೆಗಿ."

ಬಾಗಿಲು ಮತ್ತೆ ತಟ್ಟಿದ ಸದ್ದಾಯಿತು. ಸದ್ದಕ್ಕ ಮಂಚ ಬಿಟ್ಟು ಏಳಲಿಲ್ಲ.

"ಪುಟ್ಟಿ, ತೆಗೆಯೇ. ಪಾಪ, ಎಷ್ಟು ಹೊತ್ತು ನಿಂತಿರ್ತಾನೆ?"

"ನೀನೇ ತೆಗಿ ಅಮ್ಮ. ಹೇಗೂ ನಾನು ಮುಟ್ಟಿದ ಮೇಲೆ ನೀನು ಎದ್ದು ಹೋಗೋಳೇ. ಈ ಸಲ ಮೊದಲೇ ಹೋಗು."

ಅಮ್ಮ ಅವಳನ್ನೇ ನೋಡಿದಳು. ಆಮೇಲೆ ರೇಡಿಯೊವನ್ನು ಕಿಟಕಿಯ ಮೇಲಿಟ್ಟು, ಕುರ್ಚಿಯ ತೋಳು ಹಿಡಿದು ಎದ್ದಳು. ಚಪ್ಪಲಿ ನೆಲ ಸವರುತ್ತಾ ಬಾಗಿಲವರೆಗೆ ಹೋಯಿತು, ಹನ್ನೊಂದು ಹೆಜ್ಜೆ. ಸದ್ದಕ್ಕ ಕಣ್ಣು ಮುಚ್ಚಿ ಕೂತು ಎಣಿಸಿದಳು. ಚಿಲಕ ತೆಗೆದ ಸದ್ದಾಯಿತು. ತೆಗೆದವರು ಯಾರು ಎಂದು ಈ ಸಲ ಯಾರೂ ಅವಳನ್ನು ಕೇಳುವಂತಿರಲಿಲ್ಲ.